ಕೋಣನ ಬೀಜಕ್ಕೆ ತಂಪು ಬೇಕು

ಎಮ್ಮೆ ಗಬ್ಬ ನಿಲ್ಲಲಿಲ್ಲ. "ಗೊಡ್ಡು" ಅಂತ ಎಮ್ಮೆಯನ್ನೇ ಬೈಯುತ್ತೇವೆ, ಸಂತೆಗೆ ಹೊಡೆಯುತ್ತೇವೆ. ಕೊರತೆ ಊರ ಕೋಣನಲ್ಲೂ ಇರಬಹುದಲ್ಲ?

ಕೋಣನ ಹಿಂಗಾಲುಗಳ ನಡುವೆ ಚೀಲ ಜೋತಿರುತ್ತದೆ. ಹೋರಿಯ ಚೀಲಕ್ಕಿಂತ ಇದು ಚಿಕ್ಕದು. ನೋಡಲು ನಾಚಿಕೆ ಯಾಕೆ? ಹಾಲು ಕರೆಯುವವರು ನಾವೇ ತಾನೆ!

ಚೀಲದೊಳಗೆ ಎರಡು ಬೀಜ. ವೀರ್ಯಾಣು ಹುಟ್ಟುವುದು ಅಲ್ಲೇ. ಅದಕ್ಕೆ ಮೈಶಾಖಕ್ಕಿಂತ 3-4 ಡಿಗ್ರಿ ತಂಪು ಬೇಕು. ಅದಕ್ಕೇ ಚೀಲ ಹೊರಗಿದೆ. ಚಳಿಗೆ ಮುದುಡಿ ಮೈಗೆ ಹತ್ತುತ್ತದೆ. ಸೆಕೆಗೆ ಇಳಿಬೀಳುತ್ತದೆ.

ಕೋಣನದು ಕಪ್ಪು ಚರ್ಮ, ಬೆವರು ಕಡಿಮೆ. ಬೇಸಿಗೆಯಲ್ಲಿ ಬಿಸಿಲಿಗೆ ಕಟ್ಟಿದರೆ ವೀರ್ಯ ಕೆಡುತ್ತದೆ. ಹೊಸದು ತಯಾರಾಗಲು ಸುಮಾರು 2 ತಿಂಗಳು ಬೇಕು. ಒಂದು ಮಳೆ ಬಿದ್ದ ಕೂಡಲೇ ಸರಿಹೋಗದು. ನೆರಳಲ್ಲಿ ಕಟ್ಟಿ, ಕೆರೆಗೆ ಬಿಡಿ. ಒಂದು ಬೀಜ ಊದಿದ್ದರೆ ದನದ ಡಾಕ್ಟರಿಗೆ ತೋರಿಸಿ.