ಬೇಸ್‌ಬಾಲ್ ಕಾರ್ಡ್: ಪುಟ್ಟ ರಟ್ಟಿಗೆ ಕೋಟಿಗಟ್ಟಲೆ ಬೆಲೆ ಏಕೆ?

ಅಂಚೆಚೀಟಿ, ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರು ನಮಗೆ ಅಪರಿಚಿತರಲ್ಲ. ಅಮೆರಿಕದಲ್ಲಿ ಇಂತಹುದೇ ಮತ್ತೊಂದು ಹವ್ಯಾಸವಿದೆ. ಅದು ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡ್‌ಗಳ ಸಂಗ್ರಹ. 2022ರ ಆಗಸ್ಟ್‌ನಲ್ಲಿ ಇಂತಹ ಒಂದು ಕಾರ್ಡ್ 1.26 ಕೋಟಿ ಡಾಲರ್‌ಗೆ, ಅಂದರೆ ಅಂದಿನ ದರದಲ್ಲಿ ಸುಮಾರು ನೂರು ಕೋಟಿ ರೂಪಾಯಿಗೆ ಹರಾಜಾಯಿತು. ಈ ಬೆಲೆಗೆ ಆಟಗಾರನ ಕೀರ್ತಿಯೊಂದೇ ಕಾರಣವಲ್ಲ. ಕಾರ್ಡ್ ಎಷ್ಟು ವಿರಳ, ಎಷ್ಟು ಸುಸ್ಥಿತಿಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟು ಪೊಟ್ಟಣ ಮುದುಡದಂತೆ ಒಳಗೆ ರಟ್ಟಿನ ತುಂಡೊಂದನ್ನು ಇಡುತ್ತಿದ್ದರು. ಅದರ ಮೇಲೆ ಆಟಗಾರರ ಚಿತ್ರ ಮುದ್ರಿಸಿದಾಗ ಅದೇ ಜಾಹೀರಾತೂ ಆಯಿತು. 1930ರ ದಶಕದಲ್ಲಿ ಕಾರ್ಡ್‌ಗಳು ಚೂಯಿಂಗ್ ಗಮ್ ಜೊತೆಗೆ ಮಕ್ಕಳ ಕೈಸೇರಿದವು.

ವಿರಳತೆಗೆ ಪ್ರಸಿದ್ಧ ಉದಾಹರಣೆ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಅವರ ಕಾರ್ಡ್. 1909ರಿಂದ 1911ರವರೆಗೆ ಹೊರಬಂದ, ಸಂಗ್ರಾಹಕರು 'ಟಿ206' ಎಂದು ಕರೆಯುವ ಸರಣಿಗೆ ಸೇರಿದ್ದು ಇದು. ತಮ್ಮ ಚಿತ್ರ ಬಳಸಲು ವ್ಯಾಗ್ನರ್ ಒಪ್ಪದ ಕಾರಣ ಮುದ್ರಣ ಬೇಗನೆ ನಿಂತಿತು. ಮಕ್ಕಳು ತಂಬಾಕು ಕೊಳ್ಳಬಾರದೆಂಬುದು ಅವರ ಕಾಳಜಿಯಾಗಿತ್ತು ಎಂದು ಕೆಲವರು, ಸಂಭಾವನೆಯೇ ತಕರಾರಿನ ಮೂಲ ಎಂದು ಇನ್ನು ಕೆಲವರು ಹೇಳುತ್ತಾರೆ. ಇಂದು ಉಳಿದಿರುವುದು ಸುಮಾರು ಅರುವತ್ತು ಪ್ರತಿಗಳು ಮಾತ್ರ.

ನೂರು ಕೋಟಿಯ ಕಾರ್ಡ್ ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರದು. ಟಾಪ್ಸ್ ಕಂಪೆನಿಯ 1952ರ ಸರಣಿಯ ಕೊನೆಯ ಕಂತಿನಲ್ಲಿ ಅದು ತಡವಾಗಿ ಬಂದಿದ್ದರಿಂದ ಬಹಳಷ್ಟು ಮಾರಾಟವಾಗದೆ ಉಳಿಯಿತು. 1960ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಕಂಪೆನಿಯ ಸೈ ಬರ್ಗರ್ ಮುಂದೆ ತಿಳಿಸಿದ್ದರು.

ಸ್ಥಿತಿಯನ್ನು ಅಳೆಯಲು ವೃತ್ತಿಪರ ಸಂಸ್ಥೆಗಳಿವೆ. ಮೂಲೆ, ಅಂಚು, ಮೇಲ್ಮೈ ಹಾಗೂ ಚಿತ್ರದ ಸುತ್ತಲಿನ ಅಂಚುಪಟ್ಟಿಯ ಸಮತೋಲನವನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ನೀಡುತ್ತಾರೆ. ಆದರೆ ಈ ವ್ಯವಸ್ಥೆಯೂ ಎಡವಿದ್ದುಂಟು. ಹತ್ತಕ್ಕೆ ಎಂಟು ಅಂಕ ಪಡೆದು 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಗಿದ್ದ ವ್ಯಾಗ್ನರ್ ಕಾರ್ಡೊಂದರ ಅಂಚನ್ನು ತಾವೇ ಕತ್ತರಿಸಿದ್ದಾಗಿ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಚೂಪಾದ ಅಂಚು ಕಂಡಾಗ ಹಿಗ್ಗುವ ಬದಲು ಕಾರ್ಡ್‌ನ ಅಳತೆಯನ್ನು ನೋಡಬೇಕೆಂಬುದು ಇದರಿಂದ ಸಂಗ್ರಾಹಕರು ಕಲಿತ ಪಾಠ.

ಇವೆಲ್ಲಕ್ಕಿಂತ ಗಂಭೀರವಾದ ಇನ್ನೊಂದು ಬಗೆಯ ಅಭಾವವಿದೆ. 1947ರಲ್ಲಿ ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ ದಶಕಗಳ ಕಾಲ ಪ್ರಮುಖ ಲೀಗ್‌ಗಳ ಬಾಗಿಲು ಕಪ್ಪು ವರ್ಣೀಯರಿಗೆ ಮುಚ್ಚಿತ್ತು. ಅವರು ಪ್ರತ್ಯೇಕವಾದ 'ನೀಗ್ರೊ ಲೀಗ್'ಗಳಲ್ಲಿ ಆಡಿದರು. ಆ ಕಾಲದ ದೊಡ್ಡ ಕಾರ್ಡ್ ಕಂಪೆನಿಗಳು ಅವರನ್ನು ಕಡೆಗಣಿಸಿದವು. ಅವರಲ್ಲಿ ಅಗ್ರಗಣ್ಯರಾದ ಜೋಶ್ ಗಿಬ್ಸನ್, ರಾಬಿನ್ಸನ್ ಪದಾರ್ಪಣೆಗೆ ಮೂರು ತಿಂಗಳು ಮೊದಲೇ ತೀರಿಕೊಂಡರು.

ಆ ಲೀಗ್‌ಗಳ ಅಂಕಿಅಂಶಗಳನ್ನು 2024ರ ಮೇ ತಿಂಗಳಲ್ಲಿ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆಗ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ, ಟೈ ಕಾಬ್ ಅವರ .367 ಸರಾಸರಿಯನ್ನು ಹಿಂದಿಕ್ಕಿ ಸಾರ್ವಕಾಲಿಕ ದಾಖಲೆಯಾಯಿತು. ಟಿ206 ಸರಣಿಯೊಂದರಲ್ಲೇ ಕಾಬ್ ಅವರ ನಾಲ್ಕು ಬಗೆಯ ಕಾರ್ಡ್‌ಗಳಿವೆ. ಅವರನ್ನು ಮೀರಿಸಿದ ಗಿಬ್ಸನ್ ಅವರ ಕಾರ್ಡನ್ನು ಅವರು ಆಡುತ್ತಿದ್ದಾಗ ಆ ದೊಡ್ಡ ಕಂಪೆನಿಗಳಲ್ಲಿ ಒಂದೂ ಮುದ್ರಿಸಲಿಲ್ಲ.