ಬಾಣಕ್ಕೆ ಗರಿ ಕಟ್ಟಿದವರ ಮನೆತನ

ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಕಂಬಾರರಂತೆ ಇಂಗ್ಲೆಂಡಿನ ಫ್ಲೆಚರ್‌ಗಳದ್ದೂ ಕಸುಬಿನಿಂದ ಬಂದ ಅಡ್ಡಹೆಸರು. ಮಧ್ಯಯುಗದಲ್ಲಿ ಅಲ್ಲಿ ಬಿಲ್ಲು ಕೆತ್ತುವವನು ಬೋಯರ್, ಹೆದೆ ಹೊಸೆಯುವವನು ಸ್ಟ್ರಿಂಗರ್, ಮೊನೆ ಬಡಿಯುವವನು ಆ್ಯರೋಸ್ಮಿತ್. ಕಡ್ಡಿಗೆ ಗರಿ ಕೂರಿಸಿ ಬಾಣ ಮಾಡುವವನೇ ಫ್ಲೆಚರ್. ನಾಲ್ಕೂ ಇವತ್ತಿಗೆ ಮನೆತನದ ಹೆಸರುಗಳೇ.

ಗರಿ ಕೂರಿಸುವುದು ನಾಜೂಕಿನ ಕೆಲಸ. ಹೆಬ್ಬಾತಿನ ಗರಿ ಸೀಳಿ, ಮೂರು ಎಸಳು ಮಾಡಿ, ಅಂಟು ಹಚ್ಚಿ, ಮೇಲೆ ತೆಳು ದಾರ ಬಿಗಿಯಬೇಕು. ಮೂರೂ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆತರೆ ಬಾಣ ನೆಟ್ಟಗೆ ತಿರುಗುತ್ತ ಸಾಗದು. 1545ರಲ್ಲಿ ಮುಳುಗಿದ ಮೇರಿ ರೋಸ್ ಯುದ್ಧನೌಕೆಯ ಬಾಣಗಳ ಮೇಲೆ ಹಸಿರು ಅಂಟು ಉಳಿದಿತ್ತು. ಅದಕ್ಕೆ ತಾಮ್ರದ ಕಿಲುಬು ಬೆರೆಸಿದ್ದರು. ಹುಳು ಹಿಡಿಯದಿರಲೆಂದು ಇರಬೇಕು.

ಇಂಥವರಿಗೆ ಜಂಬವೂ ಇತ್ತು. ಬಿಲ್ಲಿನವರ ಜತೆ ತಮ್ಮನ್ನು ಸೇರಿಸಬೇಡಿ, ಒಬ್ಬನೇ ಎರಡೂ ಕಸುಬು ಮಾಡಕೂಡದು ಎಂದು 1371ರಲ್ಲಿ ಲಂಡನ್ನಿನ ಮೇಯರ್‌ಗೆ ಅರ್ಜಿ ಕೊಟ್ಟು ಬೇರೆಯಾದರು. 1417ರಲ್ಲಿ ಐದನೇ ಹೆನ್ರಿ ದೊರೆ ಬಾಣಗಳಿಗಾಗಿ ಪ್ರತಿ ಹೆಬ್ಬಾತಿನಿಂದ ಆರಾರು ಗರಿ ಕೀಳಿಸಿ ಕಳಿಸಲು ಅಪ್ಪಣೆ ಮಾಡಿದ. ಬಾತು ಸಾಕಿದವರ ಪಾಡು ಕೇಳಿದವರಾರು! ಬಂದೂಕು ಬಂದ ಮೇಲೆ ಬೇಡಿಕೆ ಕುಸಿಯಿತು. ಅಷ್ಟರಲ್ಲಿ ಅಪ್ಪನ ಹೆಸರು ಮಗನಿಗೆ ಅಂಟಿಕೊಂಡಾಗಿತ್ತು.

ಆಮೇಲಿನ ಫ್ಲೆಚರ್‌ಗಳಿಗೆ ಬಾಣದ ಹಂಗಿಲ್ಲ. ಜಾನ್ ಫ್ಲೆಚರ್ ಷೇಕ್ಸ್‌ಪಿಯರನ ಜತೆ ಸೇರಿ ನಾಟಕ ಬರೆದ. ಸ್ಕಾಟ್ಲೆಂಡಿನ ಆಂಡ್ರ್ಯೂ ಫ್ಲೆಚರ್ ಇಂಗ್ಲೆಂಡಿನೊಂದಿಗಿನ 1707ರ ವಿಲೀನವನ್ನು ಕಡೆಯವರೆಗೂ ವಿರೋಧಿಸಿದ. ಅಮೆರಿಕದ ಹೊರೇಸ್ ಫ್ಲೆಚರ್ ತುತ್ತು ನೀರಾಗುವವರೆಗೆ ಅಗಿಯಿರಿ ಎಂದು ಬೋಧಿಸಿಯೇ ಹೆಸರಾದ.

ನನಗೆ ಹೆಚ್ಚು ಇಷ್ಟವಾಗುವವರು ನಟಿ ಲೂಯಿಸ್ ಫ್ಲೆಚರ್. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ನಿರ್ದಯಿ ನರ್ಸ್ ರ್‍ಯಾಚೆಡ್ ಪಾತ್ರಕ್ಕೆ 1976ರಲ್ಲಿ ಆಸ್ಕರ್ ಬಂದಾಗ ವೇದಿಕೆಯಿಂದಲೇ ಅವರಿಗೆ ಸನ್ನೆ ಭಾಷೆಯಲ್ಲಿ ಕೃತಜ್ಞತೆ ಹೇಳಿದರು.

ನಮ್ಮವರಿಗೆ ಗೊತ್ತಿರುವ ಫ್ಲೆಚರ್‌ಗಳು ಕ್ರಿಕೆಟ್ಟಿನವರು. ಜಿಂಬಾಬ್ವೆಯ ಡಂಕನ್ 1983ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅಜೇಯ 69 ಹೊಡೆದು, 4 ವಿಕೆಟ್ ಕಿತ್ತು ಗೆಲ್ಲಿಸಿದವರು. 2011ರಿಂದ ಭಾರತದ ಕೋಚ್ ಆಗಿದ್ದರು. ಇಂಗ್ಲೆಂಡ್ ನಾಯಕ ಕೀತ್ ಫ್ಲೆಚರ್ 1981ರ ಡಿಸೆಂಬರಿನಲ್ಲಿ ಬೆಂಗಳೂರು ಟೆಸ್ಟ್‌ನಲ್ಲಿ ಕೀಪರ್ ಕ್ಯಾಚ್‌ಗೆ ಔಟ್ ಕೊಟ್ಟಾಗ ಸಿಟ್ಟಿನಿಂದ ಬ್ಯಾಟಿನಲ್ಲಿ ಬೇಲ್ಸ್ ಉರುಳಿಸಿದರು. ಮುಂದಿನ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಬಾಬ್ ವಿಲ್ಲಿಸ್ ನಾಯಕ.