ನಿಮಗಿದು ಗೊತ್ತೆ? ಊಟದ ಸುದ್ದಿ ಒಯ್ಯುವ ಹಾರ್ಮೋನುಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಊಟವೆಂದರೆ ಜೋಳದ ರೊಟ್ಟಿ, ಝುಣಕ, ಎಣ್ಣೆ ಕಲಸಿದ ಶೇಂಗಾ ಚಟ್ನಿ. ಊಟ ಬಂತೆಂದು ಮೇದೋಜೀರಕ ಗ್ರಂಥಿಗೆ ತಿಳಿಸುವುದು ಯಾರು? ನರಗಳ ಜೊತೆಗೆ ಮುಖ್ಯವಾಗಿ ಎರಡು ಹಾರ್ಮೋನುಗಳು.

● ಜಠರದಿಂದ ಹುಳಿಯಾದ ಆಹಾರ ಸಣ್ಣ ಕರುಳಿಗೆ ಇಳಿದೊಡನೆ ಕರುಳಿನ ಒಳಗೋಡೆ ‘ಸೆಕ್ರೆಟಿನ್’ ಅನ್ನು ರಕ್ತಕ್ಕೆ ಬಿಡುತ್ತದೆ. ಆಗ ಮೇದೋಜೀರಕದಿಂದ ಬೈಕಾರ್ಬೊನೇಟ್ ತುಂಬಿದ ತೆಳು ರಸ ಹರಿದು ಆಮ್ಲ ಅಡಗುತ್ತದೆ. ಆಮ್ಲ ಅಡಗಿದರೆ ಸೆಕ್ರೆಟಿನ್ನೂ ತಗ್ಗುತ್ತದೆ.

● ಶೇಂಗಾದ ಕೊಬ್ಬು, ಝುಣಕದ ಪ್ರೋಟೀನು ತಲುಪಿದಾಗ ಹೊರಡುವುದು ‘ಕೊಲಿಸಿಸ್ಟೊಕೈನಿನ್’. ಇದು ಮೇದೋಜೀರಕದಿಂದ ಕಿಣ್ವಗಳನ್ನು ಹೊರಡಿಸುತ್ತದೆ, ಪಿತ್ತಕೋಶವನ್ನೂ ಹಿಂಡುತ್ತದೆ. ರೊಟ್ಟಿಯ ಪಿಷ್ಟಕ್ಕೆ ಅಮೈಲೇಸ್, ಎಣ್ಣೆಗೆ ಲೈಪೇಸ್, ಪ್ರೋಟೀನಿಗೆ ಟ್ರಿಪ್ಸಿನ್.

● ಟ್ರಿಪ್ಸಿನ್ ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲಿರುತ್ತದೆ. ಕರುಳು ಸೇರಿದ ಮೇಲೆಯೇ ಚುರುಕಾಗುತ್ತದೆ. ಇಲ್ಲದಿದ್ದರೆ ಗ್ರಂಥಿಯೇ ಜೀರ್ಣವಾದೀತು!

● ಬೇಟೆನಾಯಿಗೆ ಹೆಸರಾದ ಮುಧೋಳದವರಿಗೆ ಇದು ಹಿಡಿಸೀತು: ಸೆಕ್ರೆಟಿನ್ನಿನ ಗುಟ್ಟು ಬಯಲಾದದ್ದೂ ಒಂದು ನಾಯಿಯಿಂದಲೇ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅರಿವಳಿಕೆ ಕೊಟ್ಟ ನಾಯಿಯ ಕರುಳಿನ ಒಂದು ಭಾಗದ ನರಗಳನ್ನು ಕತ್ತರಿಸಿ, ಅಲ್ಲಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ರಸ ಸುರಿಸಿತು. ಸುದ್ದಿ ಹೋದದ್ದು ನರದಿಂದಲ್ಲ, ರಕ್ತದಿಂದ!

● ಇಂಥ ರಾಸಾಯನಿಕ ದೂತರಿಗೆ ‘ಹಾರ್ಮೋನ್’ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ.

● ನಮ್ಮ ಮೇದೋಜೀರಕ ದಿನಕ್ಕೆ ಸುರಿಸುವ ರಸ ಸುಮಾರು ಒಂದೂವರೆ ಲೀಟರ್.